ಕೊಳವೆ ಬಾಯಿಯ ನೀರು

ಆಸ್ಪತ್ರೆಯ ಯಂತ್ರ ವಿಭಾಗದಲ್ಲಿ ಅವನನ್ನು ಎಲ್ಲರೂ ‘ಗುಲಾಬಿ’ ಎನ್ನುತ್ತಿದ್ದರು. ಕಟ್ಟಡದ ಎ.ಸಿ.ಗೆ ತಂಪು ಒದಗಿಸುವ ಕೂಲಿಂಗ್ ಟವರಿನ ನೀರಿಗೆ ಬ್ರೋಮಿನ್ ಹಾಕಿ, ಪಾಚಿ, ರೋಗಾಣು ಬೆಳೆಯದಂತೆ ನೋಡಿಕೊಳ್ಳುವುದು ಅವನ ಕೆಲಸ. ನೀರಿನಲ್ಲಿ ಔಷಧ ಸಾಕಷ್ಟಿದ್ದರೆ ಪರೀಕ್ಷೆಯ ಬಾಟಲಿಗೆ ಗುಲಾಬಿ ಬಣ್ಣ ಬರುತ್ತದೆ. ಅವನ ಕೈಯಲ್ಲಂತೂ ಬಾಟಲಿ ಹೊಸ ಮದುಮಗಳಂತೆ ನಾಚಿ ಕೆಂಪಾಗುತ್ತಿತ್ತು.

ವಿಭಾಗದ ಮೇಲ್ವಿಚಾರಕಿಗೆ ಅವನು ತಂಗಿಯ ಗಂಡ. ಕೆಲಸ ಕೊಡಿಸಿದವಳೂ ಅವಳೇ. ಶ್ವಾಸಕೋಶದ ಕಾಯಿಲೆಯ ಅಪ್ಪನನ್ನು ಅದೇ ಆಸ್ಪತ್ರೆಗೆ ಸೇರಿಸಿದಾಗ ಟವರಿನ ಎದುರಿನ ಕೋಣೆಯೊಂದೇ ಖಾಲಿಯಿತ್ತು. ಟವರಿನ ಫ್ಯಾನು ಎಬ್ಬಿಸುವ ತುಂತುರು ಆ ಕಿಟಕಿಯವರೆಗೂ ಬರುತ್ತದೆ. ನೀರಿನಲ್ಲಿ ರೋಗಾಣುವಿದ್ದರೆ ಅದೂ ಜೊತೆಗೇ ಬರುತ್ತದೆ. ಅವಳು ಡಾಕ್ಟರನ್ನು ಬಿಟ್ಟು ಅವನನ್ನು ಕೇಳಿದಳು.

“ನೀರು ಸರಿ ಇದೆಯೇನಪ್ಪಾ?”

“ಅಕ್ಕಾ, ನಿಮಗೆ ಅಪ್ಪ ಅಂದ್ರೆ ನಂಗೆ ಮಾವ ಅಲ್ವಾ? ಆ ನೀರಿಗೆ ಬಂದ ರೋಗಾಣುಗೆ ವಾಪಸ್ ಹೋಗೋಕೆ ಟಿಕೆಟ್ ಸಿಗಲ್ಲ.”

ಅಪ್ಪ ಕಿಟಕಿ ತೆರೆಸಿಕೊಂಡು ಮಲಗಿದರು. ಅಳಿಯ ದಿನವೂ ಬಂದು ಕಾಲು ಒತ್ತಿ, ನರ್ಸುಗಳನ್ನು ನಗಿಸಿ ಹೋಗುತ್ತಿದ್ದ. ಇಂಥ ಅಳಿಯ ಸಿಗಬೇಕಲ್ಲ ಎಂದು ಪಕ್ಕದ ಕೋಣೆಯವರು ಹೊಟ್ಟೆ ಉರಿದುಕೊಂಡರು.

ಆಮೇಲೆ ಅಪ್ಪನಿಗೆ ಜ್ವರ ಬಂತು, ಉಸಿರು ಕಟ್ಟತೊಡಗಿತು. ಮನಸ್ಸು ತಡೆಯದೆ ಅವಳು ಟವರಿನ ಹತ್ತಿರ ಹೋದಳು. ಗುಲಾಬಿ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬ್ರೋಮಿನ್ ಗುಳಿಗೆಗಳ ಡಬ್ಬಿಯಿಂದ ನೀರು ಬೀಳುವ ಕೊಳವೆಯ ಬಾಯಿಗೇ ಬಾಟಲಿ ಹಿಡಿದಿದ್ದ. ಸಕ್ಕರೆ ಡಬ್ಬಿಗೆ ಚಮಚ ಹಾಕಿ ನೆಕ್ಕಿ, ಕಾಫಿ ಸಿಹಿಯಾಗಿದೆ ಎಂದ ಹಾಗೆ.

ಅವಳು ಇನ್ನೊಂದು ಬಾಟಲಿ ತೆಗೆದುಕೊಂಡು ತೊಟ್ಟಿಯ ಆಚೆ ಮೂಲೆಯಲ್ಲಿ ತುಂಬಿದಳು. ಅಲ್ಲಿನ ಗೋಡೆ ಬೆರಳಿಗೆ ಲೋಳೆಯಾಗಿ ಹತ್ತಿತು. ಪರೀಕ್ಷೆಯ ಪುಡಿ ಹಾಕಿ ಅಲುಗಾಡಿಸಿದಳು. ಬಣ್ಣವೇ ಬರಲಿಲ್ಲ.

“ಡಬ್ಬಿ ವಾಲ್ವ್ ಯಾಕೆ ಇಷ್ಟು ಬಿಗಿ ಮಾಡಿದೀಯ?”

“ಜಾಸ್ತಿ ಬಿಟ್ರೆ ಗುಳಿಗೆ ಬೇಗ ಕರಗತ್ತಕ್ಕಾ. ಮತ್ತೆ ತುಂಬಬೇಕು. ಮುಚ್ಚಳ ತೆಗೆದ್ರೆ ಕಣ್ಣು ಉರಿಯತ್ತೆ.”

“ಕಣ್ಣು ಉರಿಯತ್ತೆ.”

“ನೀವೇ ಒಂದ್ಸಲ ತೆಗೆದು ನೋಡಿ!”

“ಅಪ್ಪ ಆ ಕೋಣೇಲಿ ಇರೋದು ಗೊತ್ತಿತ್ತಲ್ಲ ನಿಂಗೆ?”

ಅವನು ಬಾಟಲಿ ತೊಳೆಯತೊಡಗಿದ. “ಏನೂ ಆಗಲ್ಲ ಅಂದ್ಕೊಂಡೆ.”

ಅವಳು ಟವರ್ ನಿಲ್ಲಿಸಿದಳು. ಡಾಕ್ಟರಿಗೂ ಆಡಳಿತದವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಪ್ಪನನ್ನು ಒಳಗಿನ ಕೋಣೆಗೆ ಸಾಗಿಸಿದರು; ಅವನನ್ನು ಕೆಲಸದಿಂದ ಹೊರಗಿಟ್ಟರು. ಇಡೀ ಕಟ್ಟಡ ಸೆಕೆಯಲ್ಲಿ ಬೇಯುತ್ತಿರುವಾಗ ತಂಗಿಯ ಫೋನು ಬಂತು.

“ಮನೆಯವರನ್ನೇ ಹಿಡ್ಕೊಡ್ತಾರೇನೇ ಅಕ್ಕಾ? ನಂಬಿದೋರ ಕತ್ತು ಕುಯ್ದೆಯಲ್ಲೇ!”

ಅವಳು ಅವನಿಗೆ ಆಡಬೇಕೆಂದಿದ್ದ ಮಾತೇ ಅದು, ತಂಗಿ ಮೊದಲು ಆಡಿಬಿಟ್ಟಿದ್ದಳು.

ಅವಳು ಒಳಗಿನ ಕೋಣೆಗೆ ಹೋದಾಗ ಅಪ್ಪ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿದರು. “ಅಳಿಯ ಯಾಕಮ್ಮಾ ಬಂದಿಲ್ಲ? ಪಾಪ, ನೀನೇನಾದ್ರೂ ಅಂದ್ಯಾ?”

“ಮಾತಾಡ್ಬೇಡಿ ಅಪ್ಪಾ. ಉಸಿರಾಡಿ,” ಎಂದು ಅವಳು ಮಾಸ್ಕನ್ನು ಮತ್ತೆ ಅವರ ಮೂಗಿಗೆ ಒತ್ತಿ ಹಿಡಿದಳು.