ಭಾನುವಾರದ ಹೊಗೆ

ಹಲ್ಲುಜ್ಜುವ ಬ್ರಷ್ಷನ್ನು ಬಾಯಿಗಿಟ್ಟ ಮೇಲೆಯೇ ಲಾಂಡ್ರಿಯಕ್ಕನಿಗೆ ಗೊತ್ತಾದದ್ದು, ಗಂಡ ಅದರಿಂದ ತನ್ನ ಆಟದ ಕಾರಿನ ಎಂಜಿನ್ ಉಜ್ಜಿದ್ದಾನೆ ಎಂದು. ಮೊದಲು ನಾಲಿಗೆಗೆ ಹರಳೆಣ್ಣೆಯ ಜಿಡ್ಡು ಹತ್ತಿತು. ಅದರ ಬೆನ್ನಿಗೇ ಉಗುರು ಬಣ್ಣದಂಥ ಒಂದು ಘಾಟು ಮೂಗಿನೊಳಗಿಂದ ನೆತ್ತಿಗೇರಿತು. ಬಚ್ಚಲಿನ ಗೋಡೆ ಹಿಡಿದುಕೊಂಡು ಖಾಲಿ ಹೊಟ್ಟೆಯಲ್ಲೇ ವಾಂತಿ ಮಾಡಿಕೊಂಡಳು.

"ತೊಳೆದಿಟ್ಟಿದ್ದೆನಲ್ಲ" ಎಂದ ಗಂಡ, ಬಾಗಿಲಲ್ಲಿ ನಿಂತು.

"ಯಾವುದ್ರಲ್ಲಿ ತೊಳೆದ್ರಿ?"

"ಸೀಮೆಎಣ್ಣೇಲಿ."

ಇಂಥವನಿಗೆ ಏನು ಹೇಳುವುದು? ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳು ಹೊಸ ಬ್ರಷ್ ತೆಗೆದುಕೊಂಡು ಮೂರು ಸಲ ಹಲ್ಲುಜ್ಜಿದಳು. ಆದರೂ ಅವತ್ತು ಮಧ್ಯಾಹ್ನದವರೆಗೂ ಬಾಯಲ್ಲಿ ಕಾರು ಓಡುತ್ತಲೇ ಇತ್ತು.

ಬೀದಿಯ ಜನ ಅವಳನ್ನು ಲಾಂಡ್ರಿಯಕ್ಕ ಎಂದು ಕರೆಯುವುದು ಸುಮ್ಮನೆ ಅಲ್ಲ. ಕೆಳಗೆ ಲಾಂಡ್ರಿ, ಮೇಲೆ ಮನೆ. ಬಟ್ಟೆಯ ಗಂಟು ಬಿಚ್ಚುವ ಮೊದಲೇ ಅದರೊಳಗೆ ಬೆವರಿದೆಯೋ, ಹಾಲು ಚೆಲ್ಲಿದೆಯೋ, ಮಗು ಕಕ್ಕಿದೆಯೋ ಎಂದು ಹೇಳಬಲ್ಲ ಮೂಗು ಅವಳದು. ಊರವರ ಕೊಳೆಯನ್ನೆಲ್ಲ ಒಗೆದರೂ ಅವಳಿಗೆ ಅಸಹ್ಯವೆನಿಸಿದ್ದಿಲ್ಲ, ಏಕೆಂದರೆ ಆ ಕೊಳೆ ಹೋಗುತ್ತದೆ. ಗಂಡನಂತೂ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು. ಇಡೀ ದಿನ ಮೆತ್ತನೆಯ ಬಟ್ಟೆ ಹಿಡಿದು ಬೆರಳಿನ ಗುರುತು ಒರೆಸುವುದೇ ಅವನ ಕಸುಬು. ಹೆಣ್ಣು ನೋಡಲು ಬಂದ ದಿನ ಅವಳು ಅವನ ಮುಖಕ್ಕಿಂತ ಮೊದಲು ನೋಡಿದ್ದು ಉಗುರುಗಳನ್ನು. ಅಷ್ಟು ಚೊಕ್ಕ ಉಗುರಿನ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಈಗ ಅದೇ ಉಗುರುಗಳ ಸಂದಿಯಲ್ಲಿ ಕಪ್ಪು ಮಸಿ ಕೂತು, ಅನ್ನ ಕಲಸುವಾಗ ಅವಳು ಬೇರೆ ಕಡೆ ನೋಡಬೇಕಾಗುತ್ತಿತ್ತು.

ಬೇರೆ ಯಾರನ್ನು ಬೈಯಲೂ ದಾರಿಯಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡವಳು ಅವಳೇ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರು. ವಾರವೆಲ್ಲ ಅವನು ಅಂಗಡಿಯಲ್ಲಿ, ಅವಳು ಕೆಳಗೆ ಹಬೆಯ ನಡುವೆ. ಲಾಂಡ್ರಿಗೂ ಕನ್ನಡಕದ ಅಂಗಡಿಗೂ ಒಟ್ಟಿಗೆ ಬೀಗ ಬೀಳುವುದು ಭಾನುವಾರ ಮಾತ್ರ. ಎದುರುಬದುರು ಕೂತು ಬಿಸಿ ಊಟ ಮಾಡಲು ಸಿಗುತ್ತಿದ್ದುದು ಆ ಒಂದು ಮಧ್ಯಾಹ್ನ. ಆಗಲೂ ಅವನು ಫೋನು ನೋಡುತ್ತ ಉಣ್ಣುತ್ತಿದ್ದ. ಕೇಳಿದರೆ ಹೂಂ ಇಲ್ಲ, ಉಹೂಂ ಇಲ್ಲ. ಮೊದಲು ಹೀಗಿರಲಿಲ್ಲ, ಅವಳ ಒಂದು ಮಾತಿಗೆ ಅವನದು ನಾಲ್ಕಿರುತ್ತಿದ್ದವು. ತನ್ನ ಭಾನುವಾರ ತನಗೆ ವಾಪಸು ಬೇಕು ಎಂದು ಅವಳಿಗೆ ಹಟ ಹುಟ್ಟಿತು. ಇಬ್ಬರೂ ಸೇರಿ ಆಡುವಂಥದ್ದು ಏನಾದರೂ ಸಿಕ್ಕರೆ ಮಾತು ತಾನಾಗಿ ಬರುತ್ತದೆ ಎಂದುಕೊಂಡು, ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ತನ್ನ ತಮ್ಮನ ಹತ್ತಿರ ಗಂಡನನ್ನು ಕರೆದುಕೊಂಡು ಹೋದಳು.

ತಮ್ಮ ಎರಡು ರಿಮೋಟ್ ಕಾರುಗಳನ್ನು ಮೇಜಿನ ಮೇಲಿಟ್ಟ. ಒಂದು ನೀಲಿ, ಬ್ಯಾಟರಿಯದು. ಇನ್ನೊಂದು ಕೆಂಪು, ನೈಟ್ರೊ ಎಂಬ, ಹರಳೆಣ್ಣೆ ಬೆರೆಸಿದ ಇಂಧನ ಕುಡಿಯುವ ಪುಟ್ಟ ಎಂಜಿನ್ನಿನದು.

"ಭಾವ, ಸುಮ್ನೆ ಮಜಾಕ್ಕೆ ಅಂದ್ರೆ ಎಲೆಕ್ಟ್ರಿಕ್ ತಗೊಳ್ಳಿ" ಎಂದ. "ಚಾರ್ಜ್ ಮಾಡಿ, ಓಡಿಸಿ, ಒರೆಸಿ ಕಪಾಟಲ್ಲಿಡಿ, ಅಷ್ಟೇ. ಈ ನೈಟ್ರೊ ಇದೆಯಲ್ಲ, ಇದು ಅಳಿಯನ ಹಾಗೆ. ದಿನಾ ಉಪಚಾರ ಬೇಕು. ಹೊಸದರಲ್ಲಿ ಪಳಗಿಸ್ಬೇಕು, ಬಿಸಿ ಮಾಡ್ಬೇಕು, ಓಡಿಸಿದ ಮೇಲೆ ಎಣ್ಣೆ ಹಾಕಿ ಮಲಗಿಸ್ಬೇಕು. ಹತ್ತು ನಿಮಿಷ ಓಡೋಕೆ ಅರ್ಧ ದಿನ ಕೂರ್ಬೇಕು. ಅದೂ ಅದರ ಮನಸ್ಸು ಚೆನ್ನಾಗಿದ್ರೆ."

"ಅಳಿಯ ಅಂದ್ರೆ ಯಾರು, ನಾನಾ?" ಎಂದ ಗಂಡ.

"ನಿಮಗ್ಯಾಕೆ ಹೇಳ್ಲಿ ಭಾವ, ನೀವು ಬ್ಯಾಟರಿ ಅಳಿಯ."

ಲಾಂಡ್ರಿಯಕ್ಕ ಅಷ್ಟರಲ್ಲಿ ನೀಲಿ ಕಾರನ್ನು ನೆಲಕ್ಕಿಳಿಸಿ ಗೊಂಬೆಗಳ ಸಾಲಿನ ನಡುವೆ ಓಡಿಸಿದ್ದಳು. ಅದು ಸರ್ರನೆ ಹೋಗಿ ಒಂದು ರಟ್ಟಿನ ಪೆಟ್ಟಿಗೆಗೆ ಗುದ್ದಿ ಮಗುಚಿಕೊಂಡಾಗ ಬಿದ್ದು ಬಿದ್ದು ನಕ್ಕಳು. ಗಂಡ ಅತ್ತ ತಿರುಗಲಿಲ್ಲ. ಕೆಂಪು ಕಾರಿನ ಮುಚ್ಚಳ ಎತ್ತಿ, ಒಳಗಿನ ಎಂಜಿನ್ನನ್ನು ಬೆರಳಿನಿಂದ ಸವರುತ್ತಿದ್ದ. "ಇದೇ ಇರ್ಲಿ" ಎಂದ.

ಹೋಗಲಿ, ಗಂಡಸರಿಗೆ ಎಂಜಿನ್ ಎಂದರೆ ಪ್ರಾಣ, ಖುಷಿಯಾಗಿದ್ದರೆ ಸಾಕು ಎಂದು ಅವಳು ಸುಮ್ಮನಾದಳು.

ಕಾರಿನ ಹಿಂದೆಯೇ ಹೇಸಿಗೆಯೂ ಮನೆ ಹೊಕ್ಕಿತು. ಇಂಧನದ ಡಬ್ಬ ಮಂಚದ ಕೆಳಗೆ, ಅಡುಗೆಮನೆಯ ಲಾಳಿಕೆ ಡಬ್ಬದ ಬಾಯಲ್ಲಿ. ಬಾಣಂತನದಲ್ಲಿ ಅವಳ ತಾಯಿ ಕೊಟ್ಟಿದ್ದ ಮೆತ್ತನೆಯ ಟವೆಲ್ಲು ಎಂಜಿನ್ ಒರೆಸುವ ಚಿಂದಿಯಾಯಿತು. ದಿಂಬಿನ ಕವರು, ಬಾಗಿಲ ಹಿಡಿ, ದೀಪದ ಸ್ವಿಚ್ಚು, ಎಲ್ಲಿ ಮುಟ್ಟಿದರೂ ಅಂಟು. ಆ ಅಂಟು ನೀರಿಗೆ ಬಗ್ಗುವುದಲ್ಲ, ಸೋಪಿಗೆ ಹೆದರುವುದಲ್ಲ. ಊರ ಬಟ್ಟೆಯನ್ನೆಲ್ಲ ಬೆಳ್ಳಗೆ ಮಾಡುವವಳ ಮನೆಯ ಪರದೆಗಳು ಗ್ಯಾರೇಜಿನ ಪರದೆಗಳಾದವು. ಅವಳಿಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಚಳಿ ಶುರುವಾದ ಮೇಲೆ ಇನ್ನೊಂದು ರಾಮಾಯಣ. ಹೊಸ ಎಂಜಿನ್ ಚಳಿಗೆ ಬಿಗಿದುಕೊಂಡು ಸ್ಟಾರ್ಟ್ ಮಾಡುವ ಹಗ್ಗ ಎಳೆದರೂ ತಿರುಗುತ್ತಿರಲಿಲ್ಲ. ಭಾನುವಾರ ಅವನು ಕಾರು ಓಡಿಸಲು ಹೋಗುತ್ತಿದ್ದ ಮೈದಾನದಲ್ಲಿ ನೈಟ್ರೊ ಕಾರುಗಳಿಗೆಲ್ಲ ಹಿರಿಯನಂತಿದ್ದ ಒಬ್ಬ ಮುದುಕನಿದ್ದ, ಹೊಗೆ ಮಾವ ಎಂದು ಎಲ್ಲರೂ ಕರೆಯುತ್ತಿದ್ದರು. ಹೊರಡುವ ಮುಂಚೆ ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಬಾ ಎಂದು ಅವನು ಹೇಳಿಕೊಟ್ಟ. ಬೇರೆಯವರು ಕೂದಲು ಒಣಗಿಸುವ ಯಂತ್ರ ಹಿಡಿದರು. ಇವನ ಮನೆಯ ಕೆಳಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ಪ್ರೆಸ್ಸೇ ಇತ್ತಲ್ಲ. ಭಾನುವಾರ ಬೆಳಿಗ್ಗೆ ಸದ್ದಿಲ್ಲದೆ ಇಳಿದು, ಅದನ್ನು ಬಿಸಿ ಮಾಡಿ, ಕಾರನ್ನು ಅದರ ಮೇಲೆ ಮಲಗಿಸಿದ. ಎಂಜಿನ್ನಿನೊಳಗಿದ್ದ ಎಣ್ಣೆ ಕರಗಿ ಇಳಿದು ಪ್ರೆಸ್ಸಿನ ಮೆತ್ತೆಯಲ್ಲಿ ಇಂಗಿ ಕೂತಿತು. ಮರುದಿನ ನರ್ಸಿಂಗ್ ಹೋಮಿನ ಬಿಳಿ ಹಾಸಿಗೆ ಬಟ್ಟೆಗಳೆಲ್ಲ ಅದೇ ಪ್ರೆಸ್ಸಿನಲ್ಲಿ ಹೋದವು. ಕೆಲಸದ ಹೆಂಗಸು ಬಿಸಿಯಲ್ಲೇ ಮಡಿಸಿ ಕಟ್ಟಿದಳು, ಬಿಚ್ಚಿ ನೋಡಲಿಲ್ಲ. ಪ್ರತಿಯೊಂದರ ನಡುಮಧ್ಯಕ್ಕೂ ಕಂದು ಬಣ್ಣದ ಕಲೆ. ಆಸ್ಪತ್ರೆಯ ಹಾಸಿಗೆಯ ನಡುವೆ ಆ ಬಣ್ಣ ಕಂಡರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ನರ್ಸಮ್ಮ ಫೋನ್ ಮಾಡಿದಳು. "ಅಕ್ಕಾ, ಇವನ್ನ ಒಗೆದು ಕಳಿಸಿದ್ದಾ, ಇಲ್ಲ ನಾವೇ ಒಗೀಲಿ ಅಂತ ಕಳಿಸಿದ್ದಾ?"

ಅವಳು ನಾಚಿಕೆಯಿಂದ ಕುಗ್ಗಿಹೋದಳು. ಎಲ್ಲವನ್ನೂ ವಾಪಸು ತರಿಸಿ, ಮೆತ್ತೆ ಕಿತ್ತು ಬದಲಿಸಿ, ಮೊಣಕೈವರೆಗೆ ಸೋಡಾ ನೀರಿನಲ್ಲಿ ಮುಳುಗಿ ಉಜ್ಜಿದಳು. ಗಂಡ ಮೆಟ್ಟಿಲ ಮೇಲೆ ನಿಂತು, "ಹರಳೆಣ್ಣೆ ಅಲ್ವಾ, ಮೈಗೆ ಒಳ್ಳೇದೇ" ಎಂದ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಬೀಸಬೇಕೆನಿಸಿತು. ಬೀಸಲಿಲ್ಲ. ಅದನ್ನೂ ಮತ್ತೆ ಒಗೆಯಬೇಕಾದವಳು ಅವಳೇ ತಾನೆ.

ಇಷ್ಟಾದರೂ ಆ ಕೆಂಪು ಕಾರನ್ನು ಅವಳು ಬೀದಿಗೆ ಎಸೆಯದೆ ಇದ್ದುದಕ್ಕೆ ಒಂದೇ ಕಾರಣ. ಭಾನುವಾರ ತಿಂಡಿ ತಿಂದು ಹೊರಟವನು ಹೊತ್ತು ಮುಳುಗುವಾಗ ಬರುತ್ತಿದ್ದ. ಗಾಡಿ ಸ್ಟಾರ್ಟ್ ಆಗ್ಲಿಲ್ಲ, ಎಣ್ಣೆ ಜಾಸ್ತಿ ಕುಡೀತು, ಪ್ಲಗ್ ಸುಟ್ಟುಹೋಯ್ತು ಎಂದು ವಾರಕ್ಕೊಂದು ಕತೆ. ಅವಳು ಅನ್ನ ಸಾರು ಮುಚ್ಚಿಟ್ಟು ಕಾಯುತ್ತಿದ್ದಳು. ಆರಿದ ಮೇಲೆ ಬಿಸಿ ಮಾಡುತ್ತಿದ್ದಳು, ಮತ್ತೆ ಆರುತ್ತಿತ್ತು. ಪಾಪ, ಇದೊಂದು ಸರಿಯಾಗಿ ಓಡಿಬಿಟ್ಟರೆ ಅವನ ಆಸೆ ತೀರುತ್ತದೆ, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ವಾಸನೆ ಬರುವ ಗಂಡನಾದರೂ ಸರಿ, ಎದುರಿಗೆ ಕೂತರೆ ಸಾಕಿತ್ತು.

ಹಾಗಿರುವಾಗ ಒಂದು ಭಾನುವಾರ ಅವನು ಹೊರಟುಹೋದ ಮೇಲೆ ನೋಡಿದರೆ, ತಮ್ಮ ತಂದುಕೊಟ್ಟಿದ್ದ ಹೊಸ ಪ್ಲಗ್ಗು ಊಟದ ಮೇಜಿನ ಮೇಲೆಯೇ ಬಿದ್ದಿತ್ತು. ತಮ್ಮನಿಗೆ ಫೋನ್ ಮಾಡಿದಳು.

"ಅದಿಲ್ದೆ ಇವತ್ತಿಡೀ ಹಗ್ಗ ಎಳೆದ್ರೂ ಸ್ಟಾರ್ಟ್ ಆಗಲ್ಲ ಅಕ್ಕ" ಎಂದ ಅವನು. "ಅದು ಹಾಕಿದ್ರೆ ಒಂದೇ ಏಟಿಗೆ ಶುರುವಾಗುತ್ತೆ."

ಅವಳು ಬೇಗ ಬೇಗ ಅಡುಗೆ ಮುಗಿಸಿದಳು. ಪ್ಲಗ್ಗನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೈದಾನಕ್ಕೆ ಹೊರಟಳು. ಓಡಿಸಿ ಮುಗಿಸಲಿ, ಜೊತೆಯಲ್ಲೇ ಮನೆಗೆ ಕರೆದುಕೊಂಡು ಬರುತ್ತೇನೆ ಎಂದು ಲೆಕ್ಕ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಕಾಲಿನಲ್ಲಿ ಹುರುಪಿತ್ತು.

ಮೈದಾನ ಎಂದರೆ ಮುಚ್ಚಿಹೋದ ಕಾರ್ಖಾನೆಯೊಂದರ ಸಿಮೆಂಟು ಅಂಗಳ. ಅರ್ಧ ಬಿದ್ದ ಗೋಡೆಯ ಹತ್ತಿರ ಬರುವಾಗಲೇ ಅದೇ ವಾಸನೆ, ಮನೆಯದಕ್ಕಿಂತ ಹತ್ತು ಪಾಲು. ಗೋಡೆಯ ಆಚೆ ಏಳೆಂಟು ಗಂಡಸರು ಕುಂಡೆ ಮೇಲೆ ಮಾಡಿಕೊಂಡು ತಮ್ಮ ತಮ್ಮ ಕಾರುಗಳ ಮೇಲೆ ಬಗ್ಗಿದ್ದರು. ಒಬ್ಬ ಎಂಜಿನ್ ಒರೆಸಿದ ಬಟ್ಟೆಯಲ್ಲೇ ಮುಖ ಒರೆಸಿಕೊಂಡ. ಇನ್ನೊಬ್ಬ ಅದೇ ಕಪ್ಪು ಬೆರಳುಗಳಿಂದ ಬನ್ನು ಮುರಿದು ಬಾಯಿಗೆ ಹಾಕಿಕೊಂಡ. ಹೊಗೆ ಮಾವ ಎಣ್ಣೆಯಲ್ಲಿ ಬೆರಳದ್ದಿ ಮೂಸಿ, ಕ್ಯಾಕರಿಸಿ ಉಗಿದು, ಪ್ಯಾಂಟಿಗೆ ಒರೆಸಿಕೊಂಡ. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಇವರೆಲ್ಲರ ಬಟ್ಟೆ ಒಗೆಯುವವರು ಯಾರೋ ಎಂದು ಮರುಗಿದಳು. ಕಾರು ಓಡಿಸುತ್ತಿದ್ದವನು ಒಬ್ಬನೇ, ಬ್ಯಾಟರಿ ಕಾರು ಇಟ್ಟುಕೊಂಡಿದ್ದ ಒಬ್ಬ ಔಷಧಿ ಅಂಗಡಿಯವನು. ಅವನು ಆಟ ಮುಗಿಸಿ, ಕಾರನ್ನು ಚೀಲಕ್ಕೆ ಹಾಕಿಕೊಂಡು, ಅವಳ ಗಂಡನ ಹತ್ತಿರ ಬಂದು ನಿಂತ. ಅವರಿಬ್ಬರ ಬೆನ್ನು ಗೋಡೆಯ ಕಡೆಗಿತ್ತು.

"ಸಾರ್, ತಪ್ಪು ತಿಳ್ಕೋಬೇಡಿ" ಎಂದ ಔಷಧಿ ಅಂಗಡಿಯವನು. "ಇಷ್ಟು ವಾರದಿಂದ ನೋಡ್ತಿದೀನಿ, ನಿಮ್ಮ ಗಾಡಿ ಓಡಿದ್ದೇ ನೋಡಿಲ್ಲ. ಮಜಾಕ್ಕೆ ತಾನೇ ನಾವು ಬರೋದು? ಒಂದು ಎಲೆಕ್ಟ್ರಿಕ್ ತಗೊಳ್ಳಿ. ಇಪ್ಪತ್ತು ನಿಮಿಷ ಓಡಿಸಿ, ಆರಾಮಾಗಿ ಮನೆಗೆ ಹೋಗಿ ಊಟ ಮಾಡಿ."

"ಅದೇ ತೊಂದ್ರೆ" ಎಂದ ಗಂಡ. ತಲೆ ಎತ್ತದೆ ಎಂಜಿನ್ ಒರೆಸುತ್ತಲೇ ಹೇಳಿದ. "ಇಪ್ಪತ್ತು ನಿಮಿಷಕ್ಕೆ ಮುಗಿದುಹೋಗುತ್ತೆ. ಆಮೇಲೆ ಮನೆಗೆ ಹೋಗ್ಬೇಕಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ತಮಾಷೆಯ ಮಾತು ಎಂದುಕೊಂಡು ಅವಳೂ ನಗಬಹುದಿತ್ತು. ಹೊಗೆ ಮಾವ "ಹೂಂ" ಎಂದು ತನ್ನ ಕೆಲಸ ಮುಂದುವರಿಸಿದ. ಬನ್ನು ತಿನ್ನುತ್ತಿದ್ದವನು ಅರ್ಧ ಮುರಿದು ಅವಳ ಗಂಡನಿಗೆ ಕೊಟ್ಟ. ಅವನು ಇಸಿದುಕೊಂಡು ತಿಂದ.

ಲಾಂಡ್ರಿಯಕ್ಕ ಗೋಡೆ ಹಿಡಿದು ನಿಂತಳು. ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಸಿಟ್ಟಿರಲಿಲ್ಲ. ಚಳಿಗೆ ಎಂಜಿನ್ ಬಿಗಿಯುತ್ತದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ್ದ. ಸಾರನ್ನು ಮತ್ತೆ ಮತ್ತೆ ಬಿಸಿ ಮಾಡುತ್ತ ಕೂತ ತನ್ನ ಭಾನುವಾರಗಳೆಲ್ಲ ನೆನಪಾಗಿ, ಅವಳಿಗೆ ಎಣ್ಣೆಗಿಂತ, ಉಗುಳಿಗಿಂತ, ಆ ಬನ್ನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಅವನಿಗೋಸ್ಕರ ಆ ಕಾರು ಓಡಲಿ ಎಂದು ಹಾರೈಸಿದ್ದಳಲ್ಲ, ತನ್ನಂಥ ದಡ್ಡಿ ಇನ್ನೊಬ್ಬಳಿದ್ದಾಳೆಯೇ?

ಆಮೇಲೆ ಗೋಡೆ ದಾಟಿ ಒಳಗೆ ಹೋದಳು.

"ಇದನ್ನ ಮರೆತು ಬಂದಿದ್ರಿ" ಎಂದು ಪ್ಲಗ್ಗನ್ನು ಕೈಗಿಟ್ಟಳು.

ಗಂಡನ ಮುಖ ಬಿಳಿಚಿತು. ಎಲ್ಲರೂ ನೋಡುತ್ತಿದ್ದರು, ಹಾಕದೆ ವಿಧಿಯಿರಲಿಲ್ಲ. ಪ್ಲಗ್ ತಿರುಗಿಸಿ ಕೂರಿಸಿ, ಬೇಡದ ಮನಸ್ಸಿನಿಂದ ಹಗ್ಗ ಎಳೆದ. ಒಂದೇ ಏಟಿಗೆ ಎಂಜಿನ್ ಕಿರ್ರೆಂದು ಶುರುವಾಯಿತು. ಔಷಧಿ ಅಂಗಡಿಯವನು ಚಪ್ಪಾಳೆ ತಟ್ಟಿದ. ಉಳಿದವರು ಅವಳ ಗಂಡನ ಕಡೆ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು.

ಕಾರು ಓಡಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಓಡಿತು. ಅಂಗಳದ ಉದ್ದಕ್ಕೂ ಹೊಗೆ ಎಳೆಯುತ್ತ ಹೋಗಿ, ತಿರುವಿನಲ್ಲಿ ಹಿಂಬದಿ ಜಾರಿಸಿ, ಕೆಂಪಗೆ ಮಿಂಚಿ ಬಂತು. ಅವಳು ಕಾರು ಬಿಟ್ಟು ಗಂಡನ ಮುಖ ನೋಡಿದಳು. ಖುಷಿಯ ಒಂದು ಎಳೆಯೂ ಅಲ್ಲಿ ಇರಲಿಲ್ಲ. ಟ್ಯಾಂಕು ಖಾಲಿಯಾಗುವುದನ್ನೇ ಹೆದರಿಕೊಂಡು ಕಾಯುತ್ತಿದ್ದ. ಕೊನೆಗೆ ಎಂಜಿನ್ ಒಮ್ಮೆ ಚೀರಿ, ಕೆಮ್ಮಿ, ನಿಂತಿತು. ಅವನು ಹೋಗಿ ಕಾರನ್ನು ಎತ್ತಿಕೊಂಡು ಬಂದ.

"ಓಡ್ತಲ್ಲ. ಬನ್ನಿ, ಊಟಕ್ಕೆ ಹೋಗೋಣ" ಎಂದಳು.

"ನೀನು ಹೋಗಿರು. ಎಣ್ಣೆ ಬಿಡೋ ಸೂಜಿ ಸ್ವಲ್ಪ ಅಡ್ಜಸ್ಟ್ ಮಾಡ್ಬೇಕು. ಬಂದೆ."

"ನೀವು ಆಡಿದ ಮಾತು ಕೇಳಿಸ್ಕೊಂಡೆ." ಅವಳು ದನಿ ಏರಿಸಲಿಲ್ಲ. "ನನ್ನ ಎದುರಿಗೆ ಕೂತು ಒಂದು ತುತ್ತು ಉಣ್ಣೋದು ಅಷ್ಟು ಕಷ್ಟನಾ?"

ಏನಾದರೂ ಹೇಳಬಹುದಿತ್ತು. ಹಾಗಲ್ಲ ಕಣೇ ಎಂದು ಒಂದು ಸುಳ್ಳು ಹೇಳಿದ್ದರೂ ಅವಳು ಹಿಡಿದುಕೊಳ್ಳುತ್ತಿದ್ದಳು. ಅದಕ್ಕೆಂದೇ ಅಷ್ಟು ಹೊತ್ತು ನಿಂತಳು. ಅವನು ಮಂಡಿಯೂರಿ ಕೂತು ಹಗ್ಗ ಎಳೆದ. ಟ್ಯಾಂಕಿನಲ್ಲಿ ಒಂದು ತೊಟ್ಟೂ ಎಣ್ಣೆ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಎಳೆದ. ಮತ್ತೆ ಎಳೆದ. ಅವಳು ತಿರುಗಿ ಗೋಡೆಯವರೆಗೆ ಹೋದ ಮೇಲೂ ಎಳೆಯುವ ಸದ್ದು ಕೇಳುತ್ತಲೇ ಇತ್ತು.

ಲಾಂಡ್ರಿಯಕ್ಕ ಮನೆಗೆ ಬಂದಳು. ಸೋಪು ಹಾಕಿ ಕೈ ತೊಳೆದಳು, ಮೂಸಿ ನೋಡಿದಳು, ಮತ್ತೊಮ್ಮೆ ತೊಳೆದಳು. ಸಾರು ಇನ್ನೂ ಬಿಸಿಯಿತ್ತು. ಒಬ್ಬಳಿಗೇ ಬಡಿಸಿಕೊಂಡು, ಯಾರಿಗೂ ಕಾಯದೆ, ಹೊಟ್ಟೆ ತುಂಬ ಉಂಡಳು.