ಹಂಪಯ್ಯನ ಪಾತ್ರ

ಸಿರುಗುಪ್ಪದಲ್ಲಿ ದ್ರೋಹಿಗೂ ವಂಶಾವಳಿ ಉಂಟು. ನಿಜಾಮನ ವಿರುದ್ಧದ ಹೋರಾಟದ ನಾಟಕ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ರಜಾಕಾರರ ಲಂಚ ತಿಂದು ವೀರ ದೊಡ್ಡಬಸಪ್ಪನ ಹರಿಗೋಲನ್ನು ತುಂಗಭದ್ರೆಯಲ್ಲಿ ಮುಳುಗಿಸಿದ ಅಂಬಿಗ ಹಂಪಯ್ಯನ ಪಾತ್ರವನ್ನು ಹಂಪಯ್ಯನ ಮನೆಯವರೇ ಹಾಕಬೇಕು. ಅದು ರೂಢಿ. ಈಗ ಹಾಕುವವನು ಅವನ ಮಗ, ಎಪ್ಪತ್ತರ ಗಾದಿಲಿಂಗ. ಜನ ಚಪ್ಪಲಿ ತೂರುತ್ತಾರೆ, ಆಮೇಲೆ ಬೆನ್ನು ತಟ್ಟಿ ಚಹಾ ಕುಡಿಸುತ್ತಾರೆ. ಎಂಥ ದೊಡ್ಡ ಮನಸ್ಸು ನೋಡಿ!

ಅಪ್ಪನನ್ನು ಆ ಪಾತ್ರದಿಂದ ಬಿಡಿಸಲೇಬೇಕೆಂದು ಮಗಳು ಯಶೋಧರಾ ಹಟ ತೊಟ್ಟಳು. ಬಳ್ಳಾರಿಯ ಕಾಲೇಜಿನಲ್ಲಿ ಊರಿನವರಿಗೆಲ್ಲ ಇತಿಹಾಸ ಹೇಳುವವಳು ಮನೆಯ ಕಳಂಕಕ್ಕೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಹರಿಗೋಲು ಮುಳುಗಿದ ದಿನ ದಡದಲ್ಲಿದ್ದ ಹುಡುಗಿ ಹೊನ್ನೂರಮ್ಮ ಈಗ ಕುರುಗೋಡಿನಲ್ಲಿ ಮುದುಕಿ. ಅವಳನ್ನು ಹುಡುಕಿ ಹೋಗಿ ಮೊಬೈಲಿನಲ್ಲಿ ಮಾತು ತುಂಬಿಕೊಂಡಳು.

"ದ್ರೋಹ ಎಲ್ಲೀದವ್ವಾ? ಹೊಳಿ ತುಂಬಿ ಹರೀತಿತ್ತು. ಹಂಪಯ್ಯ, ಅವನ ಜೋಡಿ ಹುಟ್ಟು ಹಾಕೋ ಹುಸೇನಸಾಬ, ಇಬ್ರೂ ಬ್ಯಾಡ್ರಿ ಅಂದ್ರು. ದೊಡ್ಡಬಸಪ್ಪ ಕೇಳ್ಲಿಲ್ಲ, ಬಂದೂಕಿನ ಮೂಟಿ ಹೇರೇ ಹೇರಿಸಿದ. ಮುಳುಗಿದ ಮ್ಯಾಲ ನೀರಿಗೆ ಹಾರಿ ಇಬ್ಬರನ್ನ ಎಳಕೊಂಡು ಬಂದಾವ ಆ ಹುಸೇನಸಾಬನ."

ಬಳ್ಳಾರಿಯಲ್ಲಿ ತನ್ನ ಜೊತೆಗೇ ಇದ್ದ ಅಪ್ಪನನ್ನು ಕರೆದುಕೊಂಡು ಯಶೋಧರಾ ಸಿರುಗುಪ್ಪದ ಅಕ್ಕಿ ಗಿರಣಿಗೆ ಹೋದಳು. ಮಾಲೀಕ ಗವಿಸಿದ್ದಪ್ಪ ದೊಡ್ಡಬಸಪ್ಪನ ಮೊಮ್ಮಗ, ನಾಟಕ ಸಮಿತಿಯ ಅಧ್ಯಕ್ಷ. ಜಗಳವಾದೀತೆಂದು ಅವಳು ಸೆರಗು ಬಿಗಿದುಕೊಂಡೇ ಕೂತಿದ್ದಳು. ಅವನೋ ಮುದುಕಿಯ ಮಾತನ್ನು ಕೊನೆಯವರೆಗೂ ಕೇಳಿದ.

"ಆತು ಬಿಡ್ರಿ ಮೇಡಂ, ನಿಮ್ಮಜ್ಜನ ಹೆಸರು ತೆಗೀತೀವಿ."

ಗಾದಿಲಿಂಗ ಎರಡೂ ಕೈ ಜೋಡಿಸಿ ಅತ್ತುಬಿಟ್ಟ.

"ಆದ್ರ ನಮ್ಮಜ್ಜ ತನ್ನ ಹಟಕ್ಕ ತಾನ ಸತ್ತ ಅಂತ ಆಡಾಕ ಆಗ್ತೈತೇನ್ರಿ? ಮುಳುಗಿಸಾಕ ಒಬ್ಬ ಬೇಕಲ್ಲ." ಗವಿಸಿದ್ದಪ್ಪ ಮೊಬೈಲಿನತ್ತ ಬೆರಳು ತೋರಿಸಿದ. "ಮುದುಕಿ ಹುಸೇನಸಾಬ ಅಂದ್ಲಲ್ಲ, ಆ ಹೆಸರು ಛಲೋ ಐತಿ. ಜನ ಬೇಗ ನಂಬ್ತಾರ."

ಯಶೋಧರಾಳಿಗೆ ಮೈಯೆಲ್ಲ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅದೂ ಬರೆಯ ಕಬ್ಬಿಣ ಕಾಯಿಸಿ ತಂದುಕೊಟ್ಟವಳು ತಾನೇ. ಊರು ಮರೆತಿದ್ದ ಆ ಹೆಸರನ್ನು ಇವಳೇ ಹೊತ್ತು ತಂದಿದ್ದಳು.

"ಹೂಂ ಅನ್ನವ್ವಾ," ಗಾದಿಲಿಂಗ ಮೆಲ್ಲಗೆ ಹೇಳಿದ. "ಯಾರರ ಆಗ್ಲಿ, ನಾವಂತೂ ಅಲ್ಲ."

ಅವಳಿಗೆ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ.

"ಬ್ಯಾಡ್ರಿ ಸಾವ್ಕಾರ್ರ. ನಮ್ಮಜ್ಜನ ಹೆಸರ ಇರ್ಲಿ."

"ನಿಮ್ಮಿಷ್ಟ," ಎಂದು ಅವನು ಅಕ್ಕಿ ಲಾರಿ ನೋಡಲು ಎದ್ದು ಹೋದ.

ಬಸ್ಸಿನಲ್ಲಿ ಅವಳ ಪಕ್ಕ ಜಾಗವಿತ್ತು. ಗಾದಿಲಿಂಗ ಹಿಂದಿನ ಸೀಟಿಗೆ ಹೋದ. ಬಳ್ಳಾರಿ ಬಂತು. ಇಳಿಯುವಾಗ ಮಗಳು ಚಾಚಿದ ಕೈಯನ್ನು ಸರಿಸಿ ಅಂದ:

"ಈ ವರ್ಸ ಆ ಪಾತ್ರ ನೀನ ಹಾಕವ್ವಾ."