ಹಾಲುಗಾಜಿನ ಮೇಲೆ ಟಾಂಗಾ ಚೆನ್ನಿ

ನಾನು ಒಂದು ಮೇಜು. ಮೇಜು ಎಂದ ಕೂಡಲೇ ಊಟದ ಮೇಜೋ ಬರೆಯುವ ಮೇಜೋ ಎಂದುಕೊಳ್ಳಬೇಡಿ. ನನ್ನ ತಲೆಯ ಮೇಲೆ ಹಲಗೆ ಇಲ್ಲ, ಹಾಲಿನ ಬಣ್ಣದ ದಪ್ಪ ಗಾಜಿದೆ. ಹೊಟ್ಟೆಯೊಳಗೆ ಟ್ಯೂಬ್‌ಲೈಟುಗಳಿವೆ. ಸ್ವಿಚ್ಚು ಒತ್ತಿದರೆ ಹೊಟ್ಟೆ ಬೆಳಗುತ್ತದೆ. ಆಗ ಗಾಜಿನ ಮೇಲೆ ಇಟ್ಟ ಫಿಲ್ಮಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಪ್ರೆಸ್ಸಿನವರು ನನ್ನನ್ನು ಲೈಟ್ ಟೇಬಲ್ ಎಂದು ಕರೆಯುತ್ತಿದ್ದರು.

ನನ್ನನ್ನು ಮಾಡಿದವನು ಹುಬ್ಬಳ್ಳಿಯ ಬಡಿಗ ಮೌನೇಶಪ್ಪ. ಅಲ್ಲಿಯವರೆಗೆ ಬಾಗಿಲು, ಮಂಚ, ತೊಟ್ಟಿಲು ಮಾಡಿದ್ದ ಮನುಷ್ಯ. "ಹೊಟ್ಯಾಗ ದೀಪ ಹಚ್ಚೂ ಟೇಬಲ್ ನಮ್ಮಪ್ಪನೂ ಮಾಡಿರ್ಲಿಲ್ಲ" ಎಂದು ನಗುತ್ತಲೇ ಸಾಗವಾನಿಯ ಕಾಲು ಕೂರಿಸಿದ. ಗಾಜಿನ ಕೆಳಗೆ ಅಗಲವಾದ, ತೆಳ್ಳಗಿನ ಒಂದು ಡ್ರಾವರನ್ನೂ ಇಟ್ಟ. ಅದು ಮೊದಲಿನಿಂದಲೇ ಬಿಗಿ. "ಮಳಿಗಾಲದಾಗ ಸ್ವಲ್ಪ ಹಟಾ ಮಾಡ್ತೈತಿ, ಬೈಬ್ಯಾಡ್ರಿ" ಎಂದು ಹೇಳಿಯೇ ಕಳಿಸಿದ. ಹಾಗಾಗಿ ನಾನು ಹಟಮಾರಿ ಎಂಬ ಹೆಸರು ಹೊತ್ತುಕೊಂಡೇ ಲೋಕಕ್ಕೆ ಬಂದೆ.

ನಾನು ಹೋದದ್ದು ಮಕ್ಕಳ ಚಿತ್ರಕಥೆಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿಗೆ. ಗಾಜಿನ ಕೆಳಗಿನಿಂದ ನೋಡಿದರೆ ಮನುಷ್ಯ ಹೇಗೆ ಕಾಣುತ್ತಾನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗದ್ದ, ಮೂಗಿನ ಹೊಳ್ಳೆ, ಬಿಟ್ಟರೆ ಕೈ. ಎಷ್ಟೇ ದೊಡ್ಡ ಮನುಷ್ಯನಾದರೂ ಕೆಳಗಿನಿಂದ ಅವನ ಗತ್ತು ಅಷ್ಟಕ್ಕಷ್ಟೇ. ಅದಕ್ಕೇ ನಾನು ಜನರನ್ನು ಅವರ ಕೈಗಳಿಂದ ಗುರುತಿಟ್ಟುಕೊಂಡೆ. ಅಲ್ಲಿ ನನಗೆ ಹೆಚ್ಚು ಪರಿಚಯವಾದ ಕೈ ಫೋರ್ಮನ್ ದಾವಲಸಾಬರದು. ಬ್ಲೇಡು ಹಿಡಿದೂ ಹಿಡಿದೂ ಕಾಯಿಗಟ್ಟಿದ ಬೆರಳು, ಆದರೆ ಫಿಲ್ಮನ್ನು ಮುಟ್ಟುವಾಗ ಮಲಗಿದ ಕೂಸನ್ನು ಎತ್ತುವಷ್ಟು ಮೆತ್ತಗೆ.

ಆಗ ಕೆಲಸ ನಡೆಯುತ್ತಿದ್ದದ್ದು ಹೀಗೆ. ಚಿತ್ರಕಾರರು ಒಂದೊಂದು ಚೌಕವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಕೊಡುವರು. ಪ್ರೆಸ್ಸಿನಲ್ಲಿ ಅವಕ್ಕೆ ಫಿಲ್ಮು ತೆಗೆಯುವರು. ಮಾತುಗಳನ್ನು ಬೇರೆಯಾಗಿ ಅಕ್ಷರ ಜೋಡಿಸಿ, ಅವಕ್ಕೂ ಬೇರೆ ಫಿಲ್ಮು. ಎಲ್ಲವನ್ನೂ ನನ್ನ ಮೇಲೆ ಹರಡಿ, ಕತ್ತರಿಸಿ, ಅಂಟಿಸಿ ಪುಟ ಕಟ್ಟುವುದು ದಾವಲಸಾಬರ ಪಾಲಿನ ಕೆಲಸ. ಅಕ್ಷರವಿದ್ದ ಫಿಲ್ಮು ತಿರುಗಿ ಬಿದ್ದರೆ ಕುರುಡನಿಗೂ ಗೊತ್ತಾಗುತ್ತದೆ. ಬರೀ ಚಿತ್ರವಿದ್ದ ಫಿಲ್ಮು ಹಾಗಲ್ಲ. ಯಾವ ಬದಿಯಿಂದ ನೋಡಿದರೂ ಚೆಂದವಾಗಿಯೇ ಕಾಣುತ್ತದೆ.

ಒಂದು ದಿನ ಗದಗಿನಿಂದ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ಬಂದಳು. ಹೆಸರು ಕಾಶೀಬಾಯಿ ಮುಳಗುಂದ. ಒಂದು ಕಟ್ಟು ಚಿತ್ರ ತಂದಿದ್ದಳು. ಕಾಲು ಮುರಿದುಕೊಂಡ ಅಪ್ಪನ ಬದಲು ಗದಗಿನ ಬೀದಿಗಳಲ್ಲಿ ತಾನೇ ಟಾಂಗಾ ಓಡಿಸುವ ಚೆನ್ನಿ ಎಂಬ ಹುಡುಗಿಯ ಕಥೆ. ಕುದುರೆಗಳಂತೂ ಹಾಳೆಯಿಂದ ಜಿಗಿದು ಗಾಜಿನ ಮೇಲೆ ಓಡಿಯಾವು, ಹಾಗಿದ್ದವು. ಹುಡುಗಿ ರಸೀದಿಗೆ ಬಲಗೈಯಿಂದ ಸಹಿ ಹಾಕಿದಳು. ಸಹಿ ಸೊಟ್ಟಂಪಟ್ಟ! ಇಂಥ ಕೈಯಿಂದ ಅಂಥ ಕುದುರೆ ಹೇಗೆ ಬಂತೆಂದು ಪ್ರೆಸ್ಸಿನವರು ಮುಖ ಮುಖ ನೋಡಿಕೊಂಡರು. ಅವಳ ಎಡಗೈ ಸೆರಗಿನೊಳಗಿತ್ತು. ಅವರಿಗೆ ಅದು ಕಾಣಲಿಲ್ಲ. ಕೆಳಗಿದ್ದ ನನಗೆ ಕಂಡಿತು. ಆ ಎಡಗೈಯ ಹೆಬ್ಬೆರಳಿನ ತುಂಬ ಕಪ್ಪು ಶಾಯಿ.

ಮರುವಾರ ಆ ಚಿತ್ರಗಳ ಫಿಲ್ಮು ನನ್ನ ಮೇಲೆ ಬಂದವು. ದಾವಲಸಾಬರು ಒಂದನ್ನು ಎತ್ತಿ ಇಟ್ಟರು. ಚೆನ್ನಿ ಒಂದು ಕೈಯಲ್ಲಿ ಲಗಾಮು ಹಿಡಿದು ಇನ್ನೊಂದು ಕೈಯಿಂದ ದಣಿದ ಮುದುಕಿಯೊಬ್ಬಳಿಗೆ ಬೆಲ್ಲದ ಚೂರು ಕೊಡುತ್ತಿರುವ ಚಿತ್ರ. ಸಾಬರು ನೋಡಿದರು, ಲೊಚಗುಟ್ಟಿದರು.

"ಎಡಗೈಲೆ ಯಾರರ ಬೆಲ್ಲ ಕೊಡ್ತಾರೇನು? ಫಿಲ್ಮ್ ಬೋರಲ ಬಿದ್ದೈತಿ" ಎಂದು ತಮಗೆ ತಾವೇ ಹೇಳಿಕೊಂಡು ಅದನ್ನು ತಿರುಗಿಸಿ ಇಟ್ಟರು. ಚೆನ್ನಿ ಬಲಗೈಯಿಂದ ಬೆಲ್ಲ ಕೊಟ್ಟಳು. ಒಂದು ಬೋರಲಾದರೆ ಉಳಿದವೂ ಬೋರಲೇ ಇರಬೇಕಲ್ಲ? ಎಲ್ಲವನ್ನೂ ತಿರುಗಿಸಿದರು. ಆಮೇಲೆ ಬಂದ ಕಂತುಗಳನ್ನೂ ಹಾಗೇ ತಿರುಗಿಸಿ ಕಟ್ಟಿದರು. ಅವರ ಕೈಯಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಚೆನ್ನಿಯೆಂದರೆ ಅವರಿಗೆ ಜೀವ. ಪ್ರತಿ ಸಂಚಿಕೆಯನ್ನೂ ಮೊದಲು ತಮ್ಮ ಮಗಳಿಗೆ ಒಯ್ಯುತ್ತಿದ್ದರು. ನಾನು ಬೆಳಕು ಕೊಡಬಲ್ಲೆ, ಬಾಯಿ ಎಲ್ಲಿಂದ ತರಲಿ?

ಕೆಲವು ಸಂಚಿಕೆಗಳಾದ ಮೇಲೆ ಗದಗಿನಿಂದ ಚಿತ್ರ ಬರುವುದು ನಿಂತುಹೋಯಿತು. "ಲಗ್ನ ಆಗಿರ್ಬೇಕು" ಎಂದರು ಪ್ರೆಸ್ಸಿನವರು. ಹೆಣ್ಣುಮಗಳು ಕೆಲಸ ಬಿಟ್ಟರೆ ಎಲ್ಲರಿಗೂ ಹೊಳೆಯುವ ಕಾರಣ ಅದೊಂದೇ. ದಾವಲಸಾಬರು ಚೆನ್ನಿಯ ಫಿಲ್ಮುಗಳನ್ನೆಲ್ಲ ಕಾಗದದಲ್ಲಿ ಸುತ್ತಿ, ಮೇಲೆ ತಮ್ಮ ಹೆಸರು ಬರೆದು, ಮತ್ತೆ ಬೇಕಾದೀತೆಂದು ನನ್ನ ಡ್ರಾವರಿನಲ್ಲಿಟ್ಟರು. ಆ ಮಳೆಗಾಲ ನನ್ನ ಡ್ರಾವರು ಹಟ ಹಿಡಿದು ಕಚ್ಚಿಕೊಂಡಿತು. ಯಾರಿಗೂ ಅದನ್ನು ತೆಗೆಯುವ ಪುರುಸೊತ್ತು ಆಗಲಿಲ್ಲ.

ಕಾಲ ಹೋಯಿತು. ದಾವಲಸಾಬರು ತೀರಿಹೋದರು. ಪ್ರೆಸ್ಸು ಬಾಗಿಲು ಹಾಕಿತು. ನನ್ನನ್ನು ಕಸೂತಿ ಕ್ಲಾಸು ನಡೆಸುತ್ತಿದ್ದ ಹೆಂಗಸೊಬ್ಬರು ಒಯ್ದರು. ಅಲ್ಲಿ ನನ್ನ ಮೇಲೆ ನವಿಲು, ಗೋಪುರ, ತುಳಸಿಕಟ್ಟೆಯ ನಕ್ಷೆಗಳು ಹಾಳೆಯಿಂದ ಹಾಳೆಗೆ ಇಳಿದವು. ಸೂಜಿ ಚುಚ್ಚಿದ ಬೆರಳುಗಳು, ಮೇಲೆ ಎಡೆಬಿಡದ ಹರಟೆ. ಅಷ್ಟು ನಗು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕ್ಲಾಸು ನಿಂತ ಮೇಲೆ ಗುಜರಿ ಅಂಗಡಿಗೆ ಬಂದೆ. ಒಡೆದ ಕೂಲರುಗಳ ಪಕ್ಕದಲ್ಲಿ, ಗಾಜಿನ ಒಂದು ಮೂಲೆ ಬಿರುಕು ಬಿಟ್ಟು, ನನ್ನ ಕಥೆ ಮುಗಿಯಿತೆಂದೇ ತಿಳಿದಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ಶಿವಪುತ್ರ ಅಣ್ಣಿಗೇರಿ. ಒಂದು ಕಾಲದಲ್ಲಿ ಇವರದು ದುರ್ಗದಬೈಲಿನ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ. ಮಕ್ಕಳು ಚಿಲ್ಲರೆ ಕೊಟ್ಟು ಚಿತ್ರಕಥೆ ಒಯ್ದು ಮರುದಿನ ತಂದುಕೊಡುತ್ತಿದ್ದರು. ಟೀವಿ ಬಂತು, ಮೊಬೈಲು ಬಂತು, ಮಕ್ಕಳು ಬರಲಿಲ್ಲ. ಪುಸ್ತಕ ಮಾತ್ರ ಉಳಿದವು. ಬೇರೆ ಯಾರಾದರೂ ಆಗಿದ್ದರೆ ರದ್ದಿಗೆ ಹಾಕುತ್ತಿದ್ದರು. ಇವರು ಅದೇ ಅಂಗಡಿಯಲ್ಲಿ ಚಿತ್ರಕಥೆಯಲ್ಲಿ ಮಾತು ಬರೆಯುವ ಗುಳ್ಳೆಯ ಹೆಸರಿಟ್ಟು ಮಾತಿನಗುಳ್ಳೆ ಪ್ರಕಾಶನ ಎಂಬ ಬೋರ್ಡು ಹಾಕಿ, ಕನ್ನಡ ಚಿತ್ರಕಥೆಗಳ ಇತಿಹಾಸದ ಪುಸ್ತಕಗಳನ್ನು ಮಾಡಲು ಕೂತರು. ಮುಖಪುಟಗಳ ಮೇಲೆ ಒಂದು, ಪತ್ರಿಕೆಗಳ ಹಾಸ್ಯಚಿತ್ರಪಟ್ಟಿಗಳ ಮೇಲೆ ಒಂದು, ಹೀಗೆ. "ಕಾಮಿಕ್ಸಿಗೂ ಇತಿಹಾಸ ಏನ್ರೀ?" ಎಂದು ಪುಸ್ತಕದಂಗಡಿಯವರು ನಗುತ್ತಿದ್ದರು. ಪಾರ್ಸಲ್ಲು ಕಟ್ಟುವವರು, ವಿಳಾಸ ಬರೆಯುವವರು, ಗಂಡನನ್ನು ನೆಲದ ಮೇಲೆ ನಿಲ್ಲಿಸುವವರು ಅವರ ಹೆಂಡತಿ ನೀಲಾ.

ಶಿವಪುತ್ರರ ಕೈಗೆ ಸದಾ ಅಂಟಿನ ವಾಸನೆ. ಹರಿದ ಪುಟಕ್ಕೆ ಗಂಜಿ ಹಚ್ಚಿ ತೆಳುಕಾಗದ ಅಂಟಿಸುವರು, ಚಟ್ನಿಯ ಎಣ್ಣೆಕಲೆ ತೆಗೆಯುವರು. ಯಾವುದೋ ಕಾಲದ ಮಗು ಪೆನ್ಸಿಲಿನಿಂದ ರಾಜಕುಮಾರಿಗೆ ಬರೆದ ಮೀಸೆಯನ್ನು ಮಾತ್ರ ಅಳಿಸುತ್ತಿರಲಿಲ್ಲ. "ಇದೂ ಇತಿಹಾಸನ" ಎನ್ನುವರು. ಅವರಿಗೆ ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಹೆಸರು. ಹಳೆಯ ಪುಸ್ತಕಗಳಲ್ಲಿ ಮಾಲೀಕರ ಹೆಸರಿರುತ್ತಿತ್ತು, ಚಿತ್ರ ಬರೆದವರದು ಇರುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಹುಡುಕಿ ಹೆಸರು ಅಚ್ಚು ಹಾಕಿಸುವುದೇ ಅವರ ಬದುಕಾಗಿತ್ತು.

ಟಾಂಗಾ ಚೆನ್ನಿಯ ಎಲ್ಲ ಸಂಚಿಕೆಗಳನ್ನು ಒಟ್ಟು ಮಾಡಿ ದೊಡ್ಡ ಪುಸ್ತಕ ತರುವುದು ಅವರ ಬಹುಕಾಲದ ಆಸೆ. ಮುನ್ನುಡಿಯನ್ನೂ ಬರೆದಿದ್ದರು. ಅಚ್ಚಾದ ಚಿತ್ರಗಳಲ್ಲಿ ಹೆಂಗಸರೆಲ್ಲರ ಸೆರಗು ಬಲ ಹೆಗಲ ಮೇಲಿರುವುದನ್ನು ಕಂಡು, ಇದು ಗುಜರಾತಿ ಚಿತ್ರಕಲೆಯ ಪ್ರಭಾವ ಎಂದು ಒಂದು ಪುಟ ಪೂರ್ತಿ ವಾದ ಮಂಡಿಸಿದ್ದರು. ಗಟ್ಟಿಯಾಗಿ ಓದಿ ಹೇಳಿದಾಗ ನೀಲಾ ಹುಬ್ಬೇರಿಸಿದರು.

"ಗುಜರಾತಿ ಹೆಂಗಸ್ರು ಗದಗಿನ್ಯಾಗ ಟಾಂಗಾ ಹೊಡೀತಿದ್ರೇನ್ರಿ?"

"ಪ್ರಭಾವ ಅಂದ್ರ ನಿನಗ ತಿಳಿಯೂದಿಲ್ಲ ಸುಮ್ನಿರು" ಎಂದರು ಇವರು. ನನ್ನ ಟ್ಯೂಬ್‌ಲೈಟು ಆಗ ಒಮ್ಮೆ ಮಿಣುಗುಟ್ಟಿತು. ನಗು ತಡೆಯಲಾಗದೆ ಇರಬೇಕು.

ಹುಡುಕಿ ಹುಡುಕಿ ಕೊನೆಗೆ, ಚೆನ್ನಿಯನ್ನು ಬರೆದವರು ಕಾಶೀಬಾಯಿ, ಅವರು ಗದಗಿನಲ್ಲೇ ಇದ್ದಾರೆ, ಮದುವೆಯಾಗದೆ ಉಳಿದು ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾಗಿದ್ದಾರೆ ಎಂದು ಸುದ್ದಿ ಸಿಕ್ಕಿತು. ಶಿವಪುತ್ರರು ನನ್ನ ಗಾಜಿಗೆ ಒರಗಿಕೊಂಡೇ ಫೋನು ಮಾಡಿದರು. ಆ ಕಡೆಯ ಧ್ವನಿ ನನಗೂ ಕೇಳಿಸಿತು.

"ಪುಸ್ತಕದಾಗ ಇರೂ ಆ ಹುಡುಗಿ ನಾ ತಗದಾಕಿ ಅಲ್ರಿ. ನನ್ನ ಹೆಸರು ಹಾಕಬ್ಯಾಡ್ರಿ."

ಹೆಸರಿಲ್ಲದೆ ಅಚ್ಚು ಹಾಕಿಬಿಡಿ, ಕೇಳುವವರು ಯಾರು ಎಂದು ಪರಿಚಯದವರು ಹೇಳಿದರು. "ಹೆಸರಿಲ್ಲದ ಪುಸ್ತಕ ಮಾಡೂದಾದ್ರ ನಾ ಈ ಅಂಗಡಿ ಯಾಕ ಇಟ್ಕೊಂಡು ಕೂಡ್ಲಿ?" ಎಂದರು ಶಿವಪುತ್ರರು. ಪುಸ್ತಕವನ್ನು ಅಲ್ಲಿಗೇ ನಿಲ್ಲಿಸಿದರು. ಅಂದಿನಿಂದ ಅಂಗಡಿಯಲ್ಲಿ ಸೂತಕ. ಗಂಜಿಯ ಬಟ್ಟಲು ಒಣಗಿಹೋಯಿತು.

ಆ ಬೇಸಿಗೆಯಲ್ಲಿ ನೀಲಾ ಸುಮ್ಮನೆ ಕೂರಲಾಗದೆ ನನ್ನ ಮೈ ಒರೆಸಿದರು. ಬಿಸಿಲಿಗೆ ನನ್ನ ಮರ ಒಣಗಿತ್ತು. ಡ್ರಾವರಿನ ಅಂಚಿಗೆ ಮೇಣದಬತ್ತಿ ತಿಕ್ಕಿ, ಕಾಲು ಕೊಟ್ಟು ಎಳೆದರು. ನನ್ನ ಹಟ ಅಂದಿಗೆ ಮುಗಿಯಿತು. ಒಳಗೆ ದಾವಲಸಾಬರು ಸುತ್ತಿಟ್ಟ ಫಿಲ್ಮುಗಳು ಇಟ್ಟ ಹಾಗೇ ಇದ್ದವು. ಶಿವಪುತ್ರರು ಅವನ್ನು ಮುಟ್ಟಲೂ ಹೆದರಿದರು. ಮತ್ತೆ ಗದಗಿಗೆ ಫೋನು ಹೋಯಿತು.

"ನಿಮ್ಮ ಫಿಲ್ಮ್ ಸಿಕ್ಕಾವ್ರಿ ಅಕ್ಕಾರ. ಅವು ನಿಮ್ಮ ಸ್ವತ್ತು. ಬಂದು ಒಯ್ರಿ, ನಾ ಮತ್ತ ಕೇಳೂದಿಲ್ಲ."

ಅವರು ಬಂದರು. ಬಾಗಿದ ಬೆನ್ನು, ಇಳಕಲ್ ಸೀರೆ, ಎಡಗೈ ಅಂದಿನ ಹಾಗೆಯೇ ಸೆರಗಿನೊಳಗೆ. ನಾನು ಗುರುತು ಹಿಡಿದೆ. ಅವರು ನನ್ನನ್ನು ಗುರುತಿಸಲಿಲ್ಲ. ಮೇಜಿನ ಮುಖ ಯಾರು ನೆನಪಿಡುತ್ತಾರೆ! ನೀಲಾ ಚಹಾ ತರಲು ಒಳಗೆ ಹೋದರು. ಶಿವಪುತ್ರರು ನನ್ನ ದೀಪ ಹಾಕಿ, ಕಟ್ಟು ಬಿಚ್ಚಿ, ಮೇಲಿದ್ದ ಫಿಲ್ಮನ್ನು ಗಾಜಿನ ಮೇಲಿಟ್ಟರು. ಅದೇ ಬೆಲ್ಲದ ಚಿತ್ರ. ಚೆನ್ನಿ ಎಡಗೈಯಿಂದ ಬೆಲ್ಲ ಕೊಡುತ್ತಿದ್ದಳು.

"ಥೋ, ಬೋರಲ ಬಿತ್ತು" ಎಂದು ಶಿವಪುತ್ರರು ಲೊಚಗುಟ್ಟಿ ಅದನ್ನು ತಿರುಗಿಸಿ ಇಟ್ಟರು.

ಕಾಶೀಬಾಯಿಯವರ ಗದ್ದ ನನ್ನ ಗಾಜಿನ ಹತ್ತಿರಕ್ಕೆ ಬಾಗಿತು.

"ಯಾಕ ತಿರುವಿದ್ರಿ?" ಎಂದು ಕೇಳಿದರು.

"ಎಡಗೈಲೆ ಬೆಲ್ಲ ಕೊಟ್ಟಂಗ ಕಾಣಸ್ತಿತ್ರಿ ಅಕ್ಕಾರ. ಅದಕ್ಕ."

"ತಿರುವು ಅಂತ ಯಾರರ ಹೇಳಿದ್ರೇನು?"

"ಯಾರ್ ಹೇಳ್ಬೇಕ್ರಿ? ಕೈ ತಾನ ಹೋತು."

"ಕೈ ತಾನ ಹೋತು" ಎಂದು ಕಾಶೀಬಾಯಿ ಮೆಲ್ಲಗೆ ಹೇಳಿಕೊಂಡರು. ಕುರ್ಚಿಯ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇತ್ತು. ಚಹಾ ಹಿಡಿದು ಬಂದ ನೀಲಾ ಬಾಗಿಲಲ್ಲೇ ನಿಂತರು.

"ನಾ ಎಡಚಿ ಅದೀನಿ. ಸಾಲ್ಯಾಗ ಮಾಸ್ತರು ಎಡಗೈ ಗೆಣ್ಣಿನ ಮ್ಯಾಲ ಹೊಡದ್ರು. ಊಟಕ್ಕ ಕುಂತ್ರ ಅವ್ವ ಅದನ್ನ ಸೀರಿ ಚುಂಗಿಲೆ ಕಟ್ಟತಿದ್ಲು. ಚಿತ್ರಾ ಮಾತ್ರ ಕದ್ದು ಅದ್ರಲೇ ತಗೀತಿದ್ದೆ. ಒಬ್ಬಾಕಿ ಹುಡುಗಿನ್ನರ ಯಾರೂ ತಿದ್ದಬಾರ್ದು ಅಂತ ಚೆನ್ನೀನ ಎಡಚಿ ಮಾಡಿದ್ದೆ. ಪುಸ್ತಕ ಬಂತು, ನೋಡ್ತೀನಿ, ಆಕೀ ಕೈನೂ ತಿದ್ದಿದ್ರು. ಬೇಕಂತ ಮಾಡ್ಯಾರ, ನನ್ನ ಹಣೆಬರಾನ ಇಷ್ಟು ಅಂತ ತಗಿಯೂದ ಬಿಟ್ಟೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಆ ಪ್ರೆಸ್ಸಿನವರ ಕೈನೂ ತಾನ ಹೋಗಿರಬೇಕು. ನಾ ಆಯುಷ್ಯ ಎಲ್ಲಾ ಸಿಟ್ಟು ಹಿಡಕೊಂಡು ಕುಂತೆ."

ಹೌದು ತಾಯಿ, ಹಾಗೆಯೇ ಆಯಿತು, ದಾವಲಸಾಬರು ನಿನ್ನ ಚೆನ್ನಿಯನ್ನು ಮಗಳ ಹಾಗೆ ನೋಡಿಕೊಂಡರು ಎಂದು ಹೇಳಲು ನನಗೆ ಎಷ್ಟು ಆಸೆಯಾಯಿತು! ಬೆಳಕು ಕೊಟ್ಟುಕೊಂಡು ನಿಂತೆ.

ಕಾಶೀಬಾಯಿಯವರ ಎಡಗೈ ಹೊರಗೆ ಬಂತು. ಫಿಲ್ಮನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಸರಿಯಾಗಿ ಇಟ್ಟಿತು. ಶಿವಪುತ್ರರು ಬಗ್ಗಿ ನೋಡಿದರು. ಚೆನ್ನಿಯ ಸೆರಗು ಎಡ ಹೆಗಲಿಗೆ ಬಂದಿತ್ತು. ಮುದುಕಿಯ ಸೆರಗೂ ಎಡ ಹೆಗಲಿಗೆ.

"ಆತಲ್ರಿ, ಗುಜರಾತಿನವರು ಗುಜರಾತಿಗೆ ಹೋದ್ರು" ಎಂದರು ನೀಲಾ. ಶಿವಪುತ್ರರು ಮುನ್ನುಡಿಯ ಆ ಪುಟವನ್ನು ಅಲ್ಲಿಯೇ ಹರಿದರು.

ಕಾಶೀಬಾಯಿ ಫಿಲ್ಮು ಒಯ್ಯಲಿಲ್ಲ. ಬದಲಿಗೆ ಆಗಾಗ ಬಸ್ಸು ಹತ್ತಿ ತಾವೇ ಬಂದರು. ನನ್ನ ಮೇಲೆ ಒಂದೊಂದೇ ಚೌಕವನ್ನು ಇಟ್ಟು, ಮಾಸಿದ ಗೆರೆಗಳನ್ನು ಎಡಗೈಯಿಂದ ತಿದ್ದಿದರು. ಆ ಹೆಬ್ಬೆರಳಿಗೆ ಮತ್ತೆ ಕಪ್ಪು ಶಾಯಿ ಮೆತ್ತಿತು. ಸುತ್ತಿದ ಕಾಗದದ ಮೇಲಿನ ಹೆಸರು ಓದಿ, ಪುಸ್ತಕದ ಕೊನೆಯಲ್ಲಿ ಪುಟ ಕಟ್ಟಿದ ದಾವಲಸಾಬರ ಹೆಸರೂ ಇರಲಿ ಎಂದು ಹೇಳಿದವರು ಅವರೇ.

ಈಗ ನನಗೆ ವಯಸ್ಸಾಗಿದೆ. ಫಿಲ್ಮಿನ ಕಾಲ ಹೋಯಿತು. ಕಂಪ್ಯೂಟರಿನ ಪಕ್ಕದ ಮೂಲೆಯಲ್ಲಿದ್ದೇನೆ, ನೀಲಾ ನನ್ನ ಮೇಲೆ ಪಾರ್ಸಲ್ಲು ಕಟ್ಟುತ್ತಾರೆ. ನನ್ನ ಮೇಲೆ ಇಟ್ಟದ್ದನ್ನು ನಾನು ಇಟ್ಟ ಹಾಗೆ ತೋರಿಸಿದೆ, ಅಷ್ಟೇ ನನ್ನ ಕೈಲಾದದ್ದು. ನೋಡುವವರ ಕಣ್ಣಿಗೆ ಯಾವುದು ಸರಿ ಅನಿಸುತ್ತದೋ ಅದನ್ನು ತಿದ್ದುವ ಶಕ್ತಿ ದೀಪಕ್ಕಿಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯನೇ ಬೇಕು.

ಪುಸ್ತಕ ಬಂದ ದಿನದ ಮಾತೊಂದು ಹೇಳಿ ಮುಗಿಸುತ್ತೇನೆ. ಕಾಶೀಬಾಯಿ ಗದಗಿನಿಂದ ಒಂದು ಪೊಟ್ಟಣ ಬೆಲ್ಲ ತಂದಿದ್ದರು. ಶಿವಪುತ್ರರು ಮೊದಲ ಪ್ರತಿಯನ್ನು ಎತ್ತಿಕೊಂಡರು. ಅವರ ಬಲಗೈ ಖಾಲಿ ಇತ್ತು, ನಾನು ಕೆಳಗಿನಿಂದ ನೋಡಿದೆ. ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಪುಸ್ತಕವನ್ನು ಎಡಗೈಯಿಂದ ಚಾಚಿದರು. "ಅಯ್ಯ!" ಎಂದರು ನೀಲಾ. ಕಾಶೀಬಾಯಿ ಆ ಕೈಯನ್ನು ನೋಡಿದರು. ಆಮೇಲೆ ಅವರ ಎಡಗೈ ಸೆರಗಿನಿಂದ ಹೊರಬಂದು ಪುಸ್ತಕ ತೆಗೆದುಕೊಂಡಿತು, ಅದನ್ನು ನನ್ನ ಗಾಜಿನ ಮೇಲಿಟ್ಟಿತು, ಪೊಟ್ಟಣದಿಂದ ಒಂದು ಚೂರು ಬೆಲ್ಲ ಮುರಿಯಿತು.

"ತಗೋ ತಮ್ಮಾ" ಎಂದರು, ಎಡಗೈಯಿಂದಲೇ.

ಅದೇ ಚಿತ್ರ. ಈ ಸಲ ಯಾರೂ ಅದನ್ನು ತಿರುಗಿಸಿ ಇಡಲಿಲ್ಲ.